ಡಿಪೆಂಡವ್ವನ ಒಡಪು

ಠಾಣೆಯ ನಮ್ಮ ಆಫೀಸಿನಿಂದ ಗಿರಾಕಿಗಳಿಗೆ ಹೋಗುವ ಇಂಗ್ಲಿಷ್ ಮೇಲ್‌ಗಳನ್ನು ಬರೆಯುತ್ತಿದ್ದವಳು ನಾನು, ಕೆಳಗೆ ಇರುತ್ತಿದ್ದದ್ದು ಸಾಹೇಬರ ಹೆಸರು. ಯಾಕೆಂದು ಕೇಳಿದರೆ, “ಡಿಪೆಂಡ್ ಕೇ ಸಾಥ್ ಕಭೀ ಆಫ್, ಕಭೀ ವಿತ್. ಪಹಲೇ ಯೇ ಠೀಕ್ ಕರೋ, ಫಿರ್ ಅಪನಾ ನಾಮ್ ಡಾಲೋ,” ಎಂದರು. ಡಿಪೆಂಡ್ ಮುಂದೆ ನಾನು ಒಮ್ಮೆ ಆಫ್, ಒಮ್ಮೆ ವಿತ್ ಹಾಕುತ್ತೇನಂತೆ. ಅದು ಸರಿಯಾಗಿ ನನ್ನ ಹೆಸರು ಹಾಕುವವರೆಗೆ ನನ್ನ ಮೇಲ್‌ಗೆ ನಾನು ಯಾರೂ ಅಲ್ಲ. ಮೈಯೆಲ್ಲ ಉರಿಯಿತು. ವ್ಯಾಕರಣದ ಪುಸ್ತಕ ತಂದು ಓದಿದೆ, ಮರೆತೆ, ಮತ್ತೆ ಓದಿದೆ.

ಡೋಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್ ರೈಲಿನ ಹೆಂಗಸರ ಡಬ್ಬಾದಲ್ಲಿ ನಮ್ಮದೊಂದು ಗುಂಪಿದೆ. ಸಂಕ್ರಾಂತಿ ಬಂದರೆ ಅಲ್ಲೇ ಅರಿಸಿನ ಕುಂಕುಮ, ಅಲ್ಲೇ ಎಳ್ಳುಂಡೆ. ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳದೆ ಯಾರಿಗೂ ಬಿಡುಗಡೆಯಿಲ್ಲ. ಮರಾಠಿಯವರು ಅದಕ್ಕೆ ಉಖಾಣಾ ಎನ್ನುತ್ತಾರೆ, ವಿಜಯಪುರದ ನಾವು ಒಡಪು. ಆ ಸಲ ನನ್ನ ಸರದಿ ಬಂದಾಗ ತಲೆಯಲ್ಲಿ ಗಂಡ ಇರಲಿಲ್ಲ, ಸಾಹೇಬರ ಮಾತೇ ಇತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

“ಕಲ್ಯಾಣ ಗಾಡಿಗೆ ಎಂದೂ ತಪ್ಪಂಗಿಲ್ಲ ಠಾಣೆ,
ಡಿಪೆಂಡವ್ವಗ ಆನ್‌ರಾಯರ ಹೊರತು ಬ್ಯಾರೆ ಗತಿ ಕಾಣೆ.”

“ಇಂಗ್ಲಿಷಿಗೂ ಲಗ್ನ ಮಾಡಿದೆಲ್ಲವಾ ತಾಯಿ,” ಎಂದು ಕಲಬುರಗಿಯ ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದುರು ಕೂತಿದ್ದ ಮರಾಠಿ ಟೀಚರ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಅರ್ಥ ಕೇಳಿಕೊಂಡು, ನಾಳೆ ಇನ್ನೊಂದು ಜೋಡಿಯನ್ನು ತಾ ಎಂದರು.

ಅಂದಿನಿಂದ ಡಬ್ಬಾದಲ್ಲಿ ದಿನಕ್ಕೊಂದು ಮದುವೆ. ಅಪಾಲಜೈಸ್‌ಬಾಯಿಯನ್ನು ಫಾರ್‌ರಾಯರಿಗೆ ಕೊಟ್ಟೆವು, ಕಂಪ್ಲೈಬಾಯಿಯನ್ನು ವಿತ್‌ರಾಯರಿಗೆ. ಡಿಸ್ಕಸ್‌ಬಾಯಿಗೆ ನಾನು ಅಬೌಟ್ ಎಂಬ ವರನನ್ನು ತಂದರೆ ಟೀಚರ್ ಒಪ್ಪಲಿಲ್ಲ. ಅವಳಿಗೆ ಗಂಡನೇ ಬೇಡ, ಒಬ್ಬಳೇ ಆರಾಮಾಗಿದ್ದಾಳೆ ಎಂದರು. ಪುಸ್ತಕದಲ್ಲಿ ನಿಲ್ಲದೆ ಜಾರಿದ್ದೆಲ್ಲ ಒಡಪಿನಲ್ಲಿ ಗಟ್ಟಿಯಾಗಿ ಕೂತಿತು.

ಒಮ್ಮೆ ಸರಕು ತಡವಾಗಿ ದೊಡ್ಡ ಗಿರಾಕಿಯೊಬ್ಬ ಸಿಟ್ಟಾದ. ಒಳಗೊಳಗೇ ಒಡಪು ಹೇಳಿಕೊಳ್ಳುತ್ತ ಉತ್ತರ ಬರೆದು ಸಾಹೇಬರಿಗೆ ತೋರಿಸಿದೆ. ಓದುತ್ತಿದ್ದವರ ಬೆರಳು ಡಿಪೆಂಡ್ ಹತ್ತಿರ ನಿಂತಿತು, ಪಕ್ಕದ ಆನ್ ನೋಡಿ ಮುಂದೆ ಸರಿಯಿತು. ಕೊನೆಗೆ ಬಂದು ತಮ್ಮ ಹೆಸರನ್ನು ತಾವೇ ಅಳಿಸಿದರು. “ಅಪನಾ ಡಾಲೋ,” ನಿನ್ನದೇ ಹಾಕು ಎಂದರು. ಅದು ಆಫೀಸು ಅಲ್ಲದಿದ್ದರೆ ಅಲ್ಲೇ ಕುಣಿಯುತ್ತಿದ್ದೆ.

ಮರುದಿನ ಡಬ್ಬಾದಲ್ಲಿ ಪೇಢೆ ಹಂಚಿದೆ. ಒಡಪು ಹೇಳದೆ ಪೇಢೆ ಮುಟ್ಟುವುದಿಲ್ಲ ಎಂದು ಎಲ್ಲರೂ ಹಟ ಹಿಡಿದರು. ಎದ್ದು ನಿಂತು ಕಟ್ಟಿದೆ. ಗಂಡನ ಹೆಸರು ಬರಬೇಕಾದಲ್ಲಿ, ಇಡೀ ಡಬ್ಬಾಕ್ಕೆ ಕೇಳುವ ಹಾಗೆ, ನನ್ನ ಹೆಸರು ಹೇಳಿದೆ.