ಬದರೀನಾರಾಯಣರ ಒಂದು ಹಿಡಿ ಉಪ್ಪು

ಉಪ್ಪಿಗೆ ವಾಸನೆ ಇಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು, ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಆದರೆ ಬಸವನಗುಡಿಯ ತಿರುನಾರಾಯಣ ಫಲಾಹಾರ ಮಂದಿರದಲ್ಲಿ ಅಡುಗೆ ಮಾಡುವ ಬದರೀನಾರಾಯಣ ಕುದಿಯುವ ಪುಳಿಯೋಗರೆ ಗೊಜ್ಜಿನಿಂದ ಎರಡು ಮಾರು ದೂರ ನಿಂತು, ಮೂಗನ್ನು ಸ್ವಲ್ಪ ಮೇಲೆತ್ತಿ, "ಅರ್ಧ ಹಿಡಿ ಉಪ್ಪು ಬೇಕು" ಎನ್ನುತ್ತಿದ್ದರು. ಹಾಕಿದರೆ ಸರಿಹೋಗುತ್ತಿತ್ತು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ವರ್ಷಗಟ್ಟಲೆ ವಾದ ನಡೆದಿದೆ.

"ಉಪ್ಪಿಗೆ ವಾಸನೆ ಇಲ್ಲ ಬದರಿಯವರೇ, ಬೇಕಾದ್ರೆ ಪುಸ್ತಕ ತಂದು ತೋರಿಸ್ತೀನಿ."

"ಉಪ್ಪಿಗಿಲ್ಲ ಮೇಷ್ಟ್ರೇ. ಉಪ್ಪು ಬಿದ್ದ ಹುಣಸೆಹಣ್ಣಿಗಿದೆ. ನಿಮ್ಮ ಪುಸ್ತಕ ಬರೆದೋರು ಅಡುಗೆಮನೆ ಕಡೆ ತಲೆ ಹಾಕಿಲ್ಲ ಅಷ್ಟೇ."

ಅವರು ಮೂಗನ್ನು ನೆಚ್ಚಿಕೊಂಡದ್ದಕ್ಕೆ ಕಾರಣವಿತ್ತು. ಆ ಹೋಟೆಲಿನಲ್ಲಿ ದಿನದ ಮೊದಲ ತಟ್ಟೆ ಚೆಲುವನಾರಾಯಣನ ಪಟದ ಮುಂದಿಡುವುದು ಪದ್ಧತಿ. ಬೆಳಿಗ್ಗೆ ಆರಕ್ಕೆ ನೈವೇದ್ಯ, ಆರೂವರೆಗೆ ಷಟರ್ ಎತ್ತುವುದು. ನೈವೇದ್ಯಕ್ಕೆ ಮುಂಚೆ ಯಾರೂ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ದೇವರಿಗೆ ಎಂಜಲು ಕೊಟ್ಟಂತೆ. ಚಾಮರಾಜಪೇಟೆಯಲ್ಲೇ ಹುಟ್ಟಿ, ಮದುವೆ ಮನೆಗಳಿಗೆ ಅಡುಗೆ ಮಾಡುತ್ತಿದ್ದ ತಂದೆಯ ಹಿಂದೆ ಹನ್ನೆರಡನೇ ವಯಸ್ಸಿಗೇ ಸೌಟು ಹಿಡಿದ ಬದರಿ, ಐವತ್ತೊಂಬತ್ತರವರೆಗೆ ಒಲೆಯ ಮೇಲಿರುವುದರ ಒಂದು ತೊಟ್ಟನ್ನೂ ನಾಲಿಗೆಗೆ ತಾಕಿಸಿಕೊಂಡವರಲ್ಲ. ಕೈಯೇ ತಕ್ಕಡಿ, ಮೂಗೇ ನಾಲಿಗೆ.

ಹೋಟೆಲಿಗೆ ಹೆಸರು ಬಂದದ್ದೇ ಆ ಪುಳಿಯೋಗರೆಯಿಂದ. ಭಾನುವಾರ ವೈಟ್‌ಫೀಲ್ಡಿನಿಂದೆಲ್ಲ ಕಾರು ಹತ್ತಿ ಬಂದು, ಸಾಲಿನಲ್ಲಿ ನಿಂತು, ತಿನ್ನುವುದಕ್ಕೆ ಮುಂಚೆ ತಟ್ಟೆಯ ಫೋಟೋ ತೆಗೆಯುತ್ತಾರೆ. ತಟ್ಟೆ ಆರಿದ ಮೇಲೆ ಬಾಯಿಗಿಟ್ಟು "ಸೂಪರ್" ಎನ್ನುತ್ತಾರೆ. ಬಿಸಿಯಲ್ಲಿ ತಿಂದಿದ್ದರೆ ಏನೆನ್ನುತ್ತಿದ್ದರೋ. ಯಜಮಾನರಾದ ರಾಮಾನುಜ ಗಲ್ಲಾದಲ್ಲಿ ಕೂತು ನಗುತ್ತಿದ್ದರು. ಅವರ ಮಗ ವಸಿಷ್ಠ ಮೂರು ವರ್ಷದ ಹಿಂದೆ ಮಲ್ಲೇಶ್ವರದಲ್ಲಿ ಇನ್ನೊಂದು ಹೋಟೆಲು ತೆರೆಯುವ ಹುಮ್ಮಸ್ಸಿನಲ್ಲಿ ಒಂದು ತಕ್ಕಡಿ ತಂದು, ವಾರವಿಡೀ ಬದರಿಯ ಪಕ್ಕ ನಿಂತು, ಅವರು ಕೈಗೆತ್ತಿಕೊಂಡ ಪ್ರತಿಯೊಂದು ಹಿಡಿಯನ್ನೂ ತೂಗಿ ಬರೆದುಕೊಂಡಿದ್ದ. ಆ ಹೋಟೆಲು ಆಗಲಿಲ್ಲ. ಬದರಿ ಮಾತ್ರ ಬಹಳ ದಿನ ಅದನ್ನು ಹೇಳಿಕೊಂಡು ನಕ್ಕರು. "ನನ್ನ ಕೈಗೆ ಮಾರ್ಕ್ಸ್ ಹಾಕ್ದ ಮೇಷ್ಟ್ರೇ, ನೀವು ಮಕ್ಕಳಿಗೆ ಹಾಕ್ತಿದ್ರಲ್ಲ, ಹಾಗೆ."

ನನ್ನ ಮನೆ ಎನ್.ಆರ್. ಕಾಲೋನಿ. ಬೆಳಗಿನ ವಾಕಿಂಗ್ ಮುಗಿಸಿ ದಿನಾ ಅಲ್ಲಿಗೆ ಹೋಗುತ್ತೇನೆ, ಬರೀ ಕಾಫಿಗೆ. ಎರಡು ವರ್ಷದ ಹಿಂದೆ ಬಿ.ಪಿ. ಏರಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ ಮೇಲೆ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ನನ್ನ ಹೆಂಡತಿ ಲಕ್ಷ್ಮೀದೇವಮ್ಮ ಕಡಿಮೆ ಮಾಡಲಿಲ್ಲ, ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಳು. ಹೋಟೆಲಿನ ತಿಂಡಿ ಮುಟ್ಟುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮೊದಮೊದಲು ಅವಳ ಹುಳಿ ಬಿಸಿನೀರಿನ ಹಾಗಿರುತ್ತಿತ್ತು. ಆರು ತಿಂಗಳಲ್ಲಿ ಅದೇ ರುಚಿ ಎನಿಸತೊಡಗಿತು. ಈ ಮಾತು ನೆನಪಿನಲ್ಲಿರಲಿ, ನನಗೆ ಇರಲಿಲ್ಲ.

ಹೋದ ಆಷಾಢದಲ್ಲಿ ಬದರಿಗೆ ಜ್ವರ ಬಂತು. ಹತ್ತು ದಿನ ಕೆಲಸಕ್ಕೆ ಬರಲಿಲ್ಲ. ವಾಪಸಾದ ಮೂರನೇ ದಿನ, ಬೆಳಗಿನ ಗಲಾಟೆ ಇಳಿದ ಮೇಲೆ, ಪಕ್ಕದ ಓಣಿಯ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಎಂದಿನಂತೆ ಕಾಫಿ ಹಿಡಿದು ಕೂತೆವು. ಒಂದು ಗುಟುಕು ಕುಡಿದೆ. ಹಾಲು ತಳ ಹಿಡಿದು ಘಾಟು ನಾರುತ್ತಿತ್ತು. ಬದರಿ ನೆಮ್ಮದಿಯಾಗಿ ಕುಡಿಯುತ್ತಿದ್ದರು.

"ಏನ್ರೀ ಇದು, ಹಾಲು ಸೀದುಹೋಗಿದೆ" ಎಂದೆ.

ಅವರು ಲೋಟ ಕೆಳಗಿಟ್ಟರು. ಮುಖ ಕಪ್ಪಿಟ್ಟಿತು.

"ಸೀದಿದೆಯಾ?"

"ನಿಮಗೆ ಗೊತ್ತಾಗ್ಲಿಲ್ವಾ?"

"ಏನೂ ಗೊತ್ತಾಗ್ತಿಲ್ಲ ಮೇಷ್ಟ್ರೇ. ಜ್ವರ ಬಿಟ್ಟಾಗಿಂದ ಮೂಗು ಸತ್ತುಹೋಗಿದೆ. ಇಂಗಿನ ಡಬ್ಬಿಯೊಳಗೆ ಮುಖ ಇಟ್ಟೆ. ಸುಣ್ಣದ ಪುಡಿ ಥರ ಇತ್ತು."

ಶೇಷಾದ್ರಿಪುರಂನಲ್ಲಿ ಮೂಗಿನ ಡಾಕ್ಟರಿಗೂ ತೋರಿಸಿದ್ದರಂತೆ. ಬಂದರೆ ಆರು ತಿಂಗಳಲ್ಲಿ ಬರುತ್ತದೆ, ಬರದಿದ್ದರೆ ಇಲ್ಲ ಎಂದರಂತೆ. ಬೆಳಿಗ್ಗೆ ನಾಲ್ಕೂವರೆಗೆ ಕೊಪ್ಪರಿಗೆಯ ಮುಂದೆ ನಿಂತು, ಕೈಗೆತ್ತಿಕೊಂಡ ಉಪ್ಪನ್ನು ಎರಡೆರಡು ಸಲ ಡಬ್ಬಿಗೇ ವಾಪಸು ಹಾಕುತ್ತೇನೆ ಎಂದರು. ಹಾಕಿದ ಉಪ್ಪು ಸರಿಯೋ ತಪ್ಪೋ ಹೇಳುವವರಿಲ್ಲ.

"ಯಜಮಾನರಿಗೆ ಹೇಳಿ."

"ಹೇಳಿದ್ರೆ ಒಲೆ ಮುಂದಿಂದ ಎಬ್ಬಿಸ್ತಾರೆ. ಎಬ್ಬಿಸದೆ ಇನ್ನೇನು ಮಾಡ್ತಾರೆ, ಪಾಪ. ಒಲೆ ಬಿಟ್ರೆ ನಂಗೆ ಏನು ಬರುತ್ತೆ ಮೇಷ್ಟ್ರೇ?"

"ಹಾಗಾದ್ರೆ ಒಂದು ತೊಟ್ಟು ಬಾಯಿಗೆ ಹಾಕಿ ನೋಡ್ರೀ. ಯಾರು ನೋಡ್ತಾರೆ?"

ನಾನು ಅವರ ತಂದೆಯನ್ನು ಬೈದಂತೆ ನನ್ನನ್ನು ನೋಡಿದರು. "ಮೂಗು ಹೋಯ್ತು ಅಂತ ನೇಮಾನೂ ಕಳ್ಕೊಳ್ಳಲಾ? ಅದೂ ಅಲ್ದೆ, ಮೂಗಿಲ್ದೆ ನಾಲಿಗೇನೂ ಬರೀ ತೊಗಲು."

ನನಗೆ ಕೋಪ ಬಂತು. ದೇವರ ಮೇಲೋ, ಜ್ವರದ ಮೇಲೋ, ಈ ಮನುಷ್ಯನ ಮೊಂಡುತನದ ಮೇಲೋ ಗೊತ್ತಿಲ್ಲ. ಆ ಕೋಪದಲ್ಲೇ ಉಪಾಯವನ್ನೂ ಹೇಳಿದೆ. ನೈವೇದ್ಯ ಆರಕ್ಕೆ, ಷಟರ್ ಆರೂವರೆಗೆ. ನಡುವಿನ ಅರ್ಧ ಗಂಟೆಯಲ್ಲಿ ನಾನು ಹಿಂಬಾಗಿಲಿಗೆ ಬರುತ್ತೇನೆ. ಒಂದು ದೊನ್ನೆಯಲ್ಲಿ ಪುಳಿಯೋಗರೆ ಕೊಡಿ. ಹೆಚ್ಚೋ ಕಡಿಮೆಯೋ ಹೇಳುತ್ತೇನೆ. ಜನ ಬರುವುದರೊಳಗೆ ಸರಿಮಾಡಿಕೊಳ್ಳಿ.

ಅವರ ಕಣ್ಣು ತುಂಬಿತು. ನಾನು ಮಹಾ ತ್ಯಾಗಿಯ ಹಾಗೆ ಕೂತಿದ್ದೆ. ನಿಜ ಹೇಳಬೇಕೆಂದರೆ, ಎರಡು ವರ್ಷದಿಂದ ಆ ಪುಳಿಯೋಗರೆಗೆ ಬಾಯಿ ಬಿಡುತ್ತಿದ್ದ ನನ್ನ ಹೊಟ್ಟೆಬಾಕತನವೂ ಆ ಮಾತಿನಲ್ಲಿ ಸೇರಿತ್ತು.

ಮರುದಿನ ಆರು ಗಂಟೆ ಐದು ನಿಮಿಷಕ್ಕೆ ಓಣಿಯಲ್ಲಿ ನಿಂತಿದ್ದೆ. ಬಾಗಿಲು ಒಂದು ಗೇಣು ತೆರೆಯಿತು, ದೊನ್ನೆ ಬಂತು. ತಿಂದೆ. ಸೊಗಸಾಗಿತ್ತು, ಆದರೆ ಉಪ್ಪು ಮುಂದಾಗಿತ್ತು.

"ಉಪ್ಪು ಜಾಸ್ತಿ ಆಗಿದೆ ಬದರಿಯವರೇ."

"ಹೌದಾ? ಎಷ್ಟು?"

"ಒಂದು ಹಿಡಿ ಕಡಿಮೆ ಮಾಡ್ಬಹುದು."

ಅವರು ಒಳಗೆ ಹೋಗಿ ಬಿಸಿ ಅನ್ನವನ್ನು ಇನ್ನಷ್ಟು ಸುರಿದು ಕಲಸಿದರು. ಹೊರಗೆ ಬರುವಾಗ ಪಟದ ಮುಂದೆ ನಿಂತು ಕೆನ್ನೆ ಬಡಿದುಕೊಂಡರಂತೆ, ಉಪ್ಪು ಜಾಸ್ತಿಯಾದದ್ದನ್ನೇ ಆಗಲೇ ಸ್ವಾಮಿಗೆ ಇಟ್ಟಾಗಿತ್ತಲ್ಲ. ಮಾರನೇ ದಿನ ಒಂದು ಹಿಡಿ ಕಡಿಮೆ ಹಾಕಿದರು. ನನಗೆ ಆಗಲೂ ಸ್ವಲ್ಪ ಮುಂದೆಯೇ ಎನಿಸಿತು. ಇನ್ನೂ ಅರ್ಧ ಹಿಡಿ ಇಳಿಸಿದರು. ನಾಲ್ಕನೇ ದಿನ, "ಈಗ ಸರಿಯಾಗಿದೆ, ಇದನ್ನೇ ಹಿಡ್ಕೊಳ್ಳಿ" ಎಂದೆ. ಆ ಮನುಷ್ಯ ಬಾಗಿಲ ಸಂದಿಯಲ್ಲೇ ಕೈ ಮುಗಿದರು.

ಶ್ರಾವಣದಿಂದ ದೀಪಾವಳಿಯವರೆಗೆ ಹೀಗೇ ನಡೆಯಿತು. ಒಂದು ದಿನವೂ ತಪ್ಪಿಸಲಿಲ್ಲ. ಲಕ್ಷ್ಮೀದೇವಮ್ಮ, "ಇದೇನು ಕತ್ತಲಲ್ಲೇ ವಾಕಿಂಗು?" ಎಂದು ಕೇಳಿದರೆ ಗಾಳಿ ಚೆನ್ನಾಗಿರುತ್ತೆ ಎಂದೆ. ಈ ವಯಸ್ಸಿನಲ್ಲಿ ಒಬ್ಬರಿಗೆ ಬೇಕಾದವನಾಗುವುದು ಸಣ್ಣ ಸುಖವಲ್ಲ. ಊರೆಲ್ಲ ಹೊಗಳುವ ತಿಂಡಿಗೆ ನನ್ನ ನಾಲಿಗೆಯ ಸಹಿ ಬೀಳುತ್ತಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಊರು ಹೊಗಳುವುದನ್ನು ನಿಲ್ಲಿಸಿದ್ದು ನನಗೆ ತಡವಾಗಿ ತಿಳಿಯಿತು. ಗಣೇಶನ ಹಬ್ಬದ ಹೊತ್ತಿಗೆ ಒಂದಿಬ್ಬರು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು. ದಸರಾದಲ್ಲಿ ಯಾರೋ ಒಬ್ಬ ಮೊಬೈಲಿನಲ್ಲಿ, "ತಿರುನಾರಾಯಣದಲ್ಲಿ ಮೊದಲಿನ ರುಚಿ ಇಲ್ಲ, ಸಪ್ಪೆ" ಎಂದು ವಿಡಿಯೋ ಹಾಕಿದ. ಅದನ್ನು ಎಷ್ಟೋ ಸಾವಿರ ಜನ ನೋಡಿದರಂತೆ. ರಾಮಾನುಜ ಅದನ್ನು ತೋರಿಸಿದಾಗ ನಾನು ರೇಗಿದೆ.

"ಚಿಪ್ಸ್ ತಿಂದು ತಿಂದು ನಾಲಿಗೆ ಕೆಟ್ಟಿರೋ ಜನ ಸ್ವಾಮಿ ಇವರು. ಇವರಿಗೇನು ಗೊತ್ತು ರುಚಿ?"

ಬದರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಅವರಿಗೆ ಧೈರ್ಯವಾಗಿರಿ ಎಂದು ತಲೆಯಾಡಿಸಿದೆ.

ಭಾನುವಾರದ ಸಾಲು ಮೊಟಕಾಯಿತು. ದೀಪಾವಳಿ ಕಳೆದ ಸೋಮವಾರ ರಾಮಾನುಜ ಬದರಿಯನ್ನು ಕರೆದು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ತುಂಬ ಮರ್ಯಾದೆಯಿಂದಲೇ ಹೇಳಿದರಂತೆ. "ನಿಂಗೂ ವಯಸ್ಸಾಯ್ತು ಬದರಿ. ಹೊಗೆ ಸಾಕು. ಪಾರ್ಸೆಲ್ ಕಟ್ಟೋ ಕಡೆ ಕೂತ್ಕೋ. ಸಂಬಳ ಅಷ್ಟೇ ಇರುತ್ತೆ." ಬದರಿ ಒಪ್ಪಿಕೊಂಡು ಎದ್ದರು. ತಪ್ಪು ತಮ್ಮ ಮೂಗಿನದ್ದೇ ಎಂದು ಅವರು ನಂಬಿದ್ದರು. ಮರುದಿನದಿಂದ ವಸಿಷ್ಠ ತೂಕ ಮಾಡಿಸಿಟ್ಟ ಉಪ್ಪು-ಪುಡಿಯ ಪೊಟ್ಟಣ ಒಡೆದು ಕೊಪ್ಪರಿಗೆಗೆ ಸುರಿಯುವ ಏರ್ಪಾಡು ಬಂತು. ಹೊಸ ಅಡುಗೆಯವನು ಕತ್ತರಿ ಹಿಡಿದು ನಿಂತಿರುತ್ತಿದ್ದ.

ನನಗೆ ಬೆಂಕಿ ಬಿದ್ದಷ್ಟು ಸಿಟ್ಟು. ಮೊದಲ ದಿನವೇ ಹೋಗಿ, ಹೆಂಡತಿಗೆ ಕೊಟ್ಟ ಮಾತನ್ನು ಮುಂಬಾಗಿಲಲ್ಲೇ ಮುರಿದು, ಒಂದು ತಟ್ಟೆ ಪುಳಿಯೋಗರೆ ತೆಗೆದುಕೊಂಡೆ. ಒಂದು ತುತ್ತು ತಿಂದೆ. ಉಪ್ಪೋ ಉಪ್ಪು, ನುಂಗಲಾಗಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡು ತಟ್ಟೆಯನ್ನು ಎತ್ತಿಕೊಂಡು, ಅಂದು ವಸಿಷ್ಠ ಕೂತಿದ್ದ ಗಲ್ಲಾದ ಮುಂದೆ ನಿಂತೆ.

"ಏನಪ್ಪಾ ವಸಿಷ್ಠ, ಉಪ್ಪಿನ ಮೂಟೆ ಸುರಿದಿದ್ದೀಯಲ್ಲ. ಇದಕ್ಕಾ ಬದರಿಯವರನ್ನ ಎಬ್ಬಿಸಿದ್ದು?"

ಪಕ್ಕದ ಮೇಜಿನಲ್ಲಿ ಈಶ್ವರ್ ಎಂದು ಒಬ್ಬರು, ನನ್ನಷ್ಟೇ ಹಳೆಯ ಗಿರಾಕಿ, ತಟ್ಟೆ ಬಳಿಯುತ್ತಾ ತಲೆಯೆತ್ತಿದರು. "ಏನ್ ಹೇಳ್ತಿದೀರಿ ಮೇಷ್ಟ್ರೇ? ಮೂರು ತಿಂಗಳಾದ್ಮೇಲೆ ಇವತ್ತು ಸರಿಯಾಗಿದೆ. ಹಳೇ ಬದರಿ ಮಾಮನ ಕೈ ರುಚಿ."

ವಸಿಷ್ಠ ಮೆಲ್ಲಗೆ ಹೇಳಿದ. "ಅವರ ಕೈನೇ ಸಾರ್. ಮೂರು ವರ್ಷದ ಹಿಂದೆ ಅವರ ಹಿಡಿ ತೂಕ ಮಾಡಿ ಬರ್ಕೊಂಡಿದ್ನಲ್ಲ, ಅದೇ ಅಳತೆ. ಒಂದು ಗ್ರಾಂ ಆಚೆ ಈಚೆ ಇಲ್ಲ."

ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಸುತ್ತ ಎಲ್ಲರೂ ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು. ಜ್ವರ ಬಂದು ಮೂಗು ಹೋದರೂ ಬದರಿಯ ಕೈ ತಪ್ಪಿರಲಿಲ್ಲ. ಮೊದಲ ದಿನ ದೊನ್ನೆಯಲ್ಲಿ ಬಂದದ್ದು ಸರಿಯಾಗೇ ಇತ್ತು. ತಪ್ಪಿದ್ದು ನನ್ನ ನಾಲಿಗೆ, ಲಕ್ಷ್ಮೀದೇವಮ್ಮನ ಸಪ್ಪೆ ಹುಳಿಗೆ ಒಗ್ಗಿಹೋದ ನಾಲಿಗೆ. ಮಕ್ಕಳಿಗೆ ಮೂವತ್ತೊಂದು ವರ್ಷ, ಅಳೆಯುವ ಮೊದಲು ಅಳತೆಗೋಲನ್ನು ಪರೀಕ್ಷಿಸಿ ಎಂದು ಹೇಳಿಕೊಟ್ಟವನು ನಾನು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ಬೇಡವೆಂದವನು ನಾನು, ನೀರು ಕುಡಿದವರು ಅವರು.

ಪಾರ್ಸೆಲ್ ಕಟ್ಟುವ ಜಾಗ ಕೈ ತೊಳೆಯುವ ತೊಟ್ಟಿಯ ಪಕ್ಕದಲ್ಲಿದೆ. ಬದರಿ ಸ್ಟೂಲಿನ ಮೇಲೆ ಕೂತು ಬಾಳೆ ಎಲೆಗೆ ದಾರ ಸುತ್ತುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಬಿ.ಪಿ., ಡಾಕ್ಟರು, ಎರಡು ವರ್ಷದ ಸಪ್ಪೆ ಊಟ. ಅವರು ದಾರವನ್ನು ಹಲ್ಲಿನಿಂದ ಕಡಿದರು.

"ಕಾವೇರಿ ಹೇಳಿದ್ಲು" ಎಂದರು. ಕಾವೇರಮ್ಮ ಅವರ ಹೆಂಡತಿ. "ಮೊದಲನೇ ವಾರಾನೇ ಹೇಳಿದ್ಲು. ಮಧ್ಯಾಹ್ನ ಮನೆಗೆ ಒಂದು ಪೊಟ್ಟಣ ತಗೊಂಡು ಹೋಗ್ತೀನಲ್ಲ, ತಿಂದು, ಇದೇನ್ರೀ ಉಪ್ಪೇ ಇಲ್ಲ ಅಂದ್ಲು."

"ಮತ್ತೆ? ನೀವ್ಯಾಕೆ ಕೇಳ್ಲಿಲ್ಲ?"

"ಸುಮ್ನಿರೇ, ಮೇಷ್ಟ್ರು ಸರಿ ಇದೆ ಅಂದಿದ್ದಾರೆ ಅಂತ ಗದರಿಸ್ದೆ. ದಿನಾ ಹೇಳೋಳು, ದಿನಾ ಗದರಿಸೋನು. ಕತ್ತಲಲ್ಲಿ ಎದ್ದು ನಂಗೋಸ್ಕರ ಬರೋರನ್ನ ಅನುಮಾನ ಪಡೋದು ಹೇಗೆ ಮೇಷ್ಟ್ರೇ?"

ಅವರು ಬೈದಿದ್ದರೆ ಚೆನ್ನಾಗಿತ್ತು. ನಾನೇ ರಾಮಾನುಜರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳುತ್ತೇನೆ ಎಂದೆ. "ಹೇಳಿದ್ರೆ ಮೂಗಿನ ವಿಷಯಾನೂ ಹೇಳ್ಬೇಕಾಗುತ್ತೆ. ಪಾರ್ಸೆಲ್ ಕಟ್ಟೋದಾದ್ರೂ ಇರ್ಲಿ ಬಿಡಿ" ಎಂದರು. ಹೇಳಿದರೂ ಕೆಡುಕು, ಹೇಳದಿದ್ದರೂ ಕೆಡುಕು. ಮನೆಗೆ ಹೋಗಿ ಲಕ್ಷ್ಮೀದೇವಮ್ಮನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ. ಅವಳು ಏನೂ ತಿಳಿಯದೆ ಮಾತ್ರೆ ತಂದು ಮುಂದಿಟ್ಟಳು.

ಮರುದಿನ ಬೆಳಿಗ್ಗೆ ಕಾಲು ತಾನಾಗಿ ಓಣಿಗೆ ಎಳೆದುಕೊಂಡು ಹೋಯಿತು. ನೈವೇದ್ಯದ ಗಂಟೆ ಕೇಳಿಸಿತು. ನೈವೇದ್ಯ ಮಾತ್ರ ಈಗಲೂ ಬದರಿಯ ಕೈಯಲ್ಲೇ ಇದೆ, ಅದನ್ನು ಯಜಮಾನರು ಕಿತ್ತುಕೊಂಡಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಕೈಯಲ್ಲಿ ದೊನ್ನೆ ಹಿಡಿದು ಬದರಿ ನಿಂತಿದ್ದರು. ಕಲಸಿದವರು ಅವರಲ್ಲ, ಹೆಚ್ಚುಕಡಿಮೆ ಹೇಳಿ ಆಗಬೇಕಾದದ್ದು ಏನೂ ಇಲ್ಲ. ಆದರೂ ನಾನು ತೆಗೆದುಕೊಂಡು ತಿಂದೆ.

"ಹೇಗಿದೆ ಮೇಷ್ಟ್ರೇ?"

"ನಂಗೆ ಗೊತ್ತಾಗ್ತಿಲ್ಲ ಬದರಿಯವರೇ."

ಅವರು ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ದೊನ್ನೆಯಲ್ಲಿ ಉಳಿದಿದ್ದ ಎರಡು ತುತ್ತನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ನಂಗೂ ಅಷ್ಟೇ" ಎಂದರು.

ಮುಂದುಗಡೆ ಷಟರ್ ಎತ್ತಿದ ಸದ್ದಾಯಿತು. ಪಾರ್ಸೆಲಿನವರು ಬರುವ ಹೊತ್ತಾಯಿತು ಎಂದು ಅವರು ಎದ್ದು ಒಳಗೆ ಹೋದರು.