ಚಕ್ಕೆಯಿಲ್ಲದ ಹೆಂಚು

ಇಳಕಲ್ಲಿನಲ್ಲಿ ಹಳೆಯ ಕಟ್ಟಡವೊಂದು ಬೀಳುತ್ತಿದೆ ಎಂದರೆ ಖುಷಿಪಡುತ್ತಿದ್ದವರು ನಾವು ಕರಾಟೆ ಕ್ಲಾಸಿನವರು ಮಾತ್ರ. ನಮ್ಮ ಕಡೆ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಹೆಂಚು ಸಿಗುವುದು ಹಳೆಯ ಶಾಲೆಗಳಲ್ಲಿ, ಗೋದಾಮುಗಳಲ್ಲಿ. ಎಲ್ಲೋ ಒಂದು ಗೋದಾಮು ಕೆಡವುತ್ತಾರಂತೆ ಎಂದು ಸುದ್ದಿ ಬಂದರೆ ಸಾಕು, ಗುತ್ತಿಗೆದಾರನ ಬೆನ್ನು ಹತ್ತಿ, ಕಾಕಾ ಮಾಮಾ ಎಂದು ಪೂಸಿ ಹೊಡೆದು, ಟಂಟಂ ಗಾಡಿಯಲ್ಲಿ ಹೆಂಚು ಹೇರಿಕೊಂಡು ಬರುತ್ತಿದ್ದೆವು. ವರ್ಷಗಟ್ಟಲೆ ಬಿಸಿಲುಂಡ ಹೆಂಚು ಒಡೆದಾಗ ಬರುವ ಸಪ್ಪಳವೇ ಬೇರೆ. ಆ ಸಪ್ಪಳಕ್ಕಾಗಿಯೇ ಜನ ನಮ್ಮನ್ನು ನೋಡಲು ಬರುತ್ತಿದ್ದರು.

ನಮ್ಮ ಸರ್ ಹುನಗುಂದದವರು. ವಾರದಲ್ಲಿ ಕೆಲವು ಸಂಜೆ ಮೋಟರ್ ಸೈಕಲ್ ಮೇಲೆ ಬಂದು ಶಾಲೆಯೊಂದರ ಬಯಲಿನಲ್ಲಿ ಕಲಿಸುತ್ತಿದ್ದರು. ಗರಸಿನ ನೆಲಕ್ಕೆ ಮುಷ್ಟಿ ಊರಿಸಿ ದಂಡ ಹೊಡೆಸುವುದೆಂದರೆ ಅವರಿಗೆ ಬಲು ಪ್ರೀತಿ. ಸೊಂಟ ಬಾಗಿತೋ, ಬೇವಿನ ಬರಲಿನ ಏಟು ಬೆನ್ನ ಮೇಲೆ ಬಿತ್ತು. ಗೆಣ್ಣು ಕಿತ್ತು ರಕ್ತ ಬಂದರೆ ಅದೇ ಮಣ್ಣು ಹಚ್ಚಿಕೋ ಎನ್ನುತ್ತಿದ್ದರು. ಪಾಲಕರು ಬೈಯುತ್ತಿರಲಿಲ್ಲ. ನನ್ನನ್ನು ಮೊದಲ ದಿನ ಬಿಡಲು ಬಂದ ನಮ್ಮವ್ವ ಕೈಮುಗಿದು, “ಚರ್ಮ ನಿಮ್ದು ಸರ, ಎಲುಬು ನಮ್ದು” ಎಂದಿದ್ದಳು. ಹೊಡೆಯಿರಿ, ಎಲುಬು ಮಾತ್ರ ಮುರಿಯಬೇಡಿ ಎಂದು ಎಲ್ಲ ತಾಯಂದಿರೂ ಅನ್ನುವ ಮಾತದು. ಸರ್ ಅದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ.

ನಮ್ಮದು ನೇಯುವ ಮನೆ. ಅಪ್ಪ ತೀರಿಕೊಂಡ ಮೇಲೆ ಮಗ್ಗದ ಕುಣಿಗೆ ಇಳಿದವನು ನಾನೇ. ಬಲಗೈಯಿಂದ ಹಗ್ಗ ಜಗ್ಗಿದರೆ ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತದೆ, ಎಡಗೈಯಿಂದ ಹಲಗೆ ಎಳೆದು ಬಡಿಯಬೇಕು. ಹಗಲೆಲ್ಲ ಅದೇ ಕೆಲಸ. ಅವ್ವ ಮೇಲೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ಮೊಣಕಾಲು ಹಿಡಿದುಕೊಂಡಾಗಿನಿಂದ ಕುಣಿಗೆ ಇಳಿಯುವುದನ್ನು ಬಿಟ್ಟಿದ್ದಳು. ಮನೆಯ ಒಲೆ ಉರಿಯುತ್ತಿದ್ದುದು ನನ್ನ ಎರಡು ಕೈಗಳ ಮೇಲೆ. ಕೈಗೆ ಏನಾದರೂ ಮಾಡಿಕೊಂಡು ಬಂದೀಯಾ ಎಂದು ಅವ್ವ ಎಂದೂ ಎಚ್ಚರಿಸಲಿಲ್ಲ. ಸರ್ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ.

ಕಪ್ಪು ಬೆಲ್ಟ್ ಆದವರು ಸರ್ ಮನೆಗೆ ಹೋಗಿ ಆಯೇರಿ ಮಾಡಬೇಕು, ಅದು ನಮ್ಮ ಕ್ಲಾಸಿನ ಪದ್ಧತಿ. ಬೇರೆಯವರು ಅಂಗಡಿಯಿಂದ ಸೀರೆ, ಧೋತರ ಒಯ್ಯುತ್ತಿದ್ದರು. ಸರ್ ಅವರ ಹೆಂಡತಿಗೆ ನನ್ನ ಕೈಯಿಂದಲೇ ನೇಯ್ದ ಸೀರೆ ಕೊಡಬೇಕೆಂದು ನಾನು ಮಗ್ಗಕ್ಕೆ ದಾಳಿಂಬೆ ಬಣ್ಣದ ಹಾಸುನೂಲು ಏರಿಸಿದ್ದೆ. ಪರೀಕ್ಷೆಯ ಹೊತ್ತಿಗೆ ಅದು ಅರ್ಧವಾಗಿತ್ತು.

ಈಗ ಹೆಂಚಿನ ಗುಟ್ಟು ಹೇಳುತ್ತೇನೆ. ಒಂದರ ಮೇಲೊಂದು ಹೆಂಚು ಇಡುವಾಗ ನಡುವೆ ಎರಡೂ ತುದಿಗೆ ಬೆರಳುದಪ್ಪ ಕಟ್ಟಿಗೆಯ ಚಕ್ಕೆ ಇಡುತ್ತಾರೆ. ಆಗ ಮೇಲಿನ ಹೆಂಚು ಒಡೆದು ಕೆಳಗಿನದರ ಮೇಲೆ ಬೀಳುತ್ತದೆ, ಅದು ಅದರ ಕೆಳಗಿನದನ್ನು ಮುರಿಯುತ್ತದೆ. ಅರ್ಧ ಕೆಲಸ ಹೆಂಚುಗಳೇ ಮಾಡಿಕೊಳ್ಳುತ್ತವೆ. ಚಕ್ಕೆ ತೆಗೆದರೋ, ಅಷ್ಟೂ ಹೆಂಚು ಸೇರಿ ಒಂದೇ ಬಂಡೆ. ಇದು ಕೆಳಗೆ ಕುರ್ಚಿ ಹಾಕಿಕೊಂಡು ಕೂತವರಿಗೆ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಒಂದಿಷ್ಟು ದಿನ ಮೊದಲು ಬಾದಾಮಿಯ ಶಾಲೆಯೊಂದರ ಗ್ಯಾದರಿಂಗಿನಲ್ಲಿ ನಮ್ಮ ಪ್ರದರ್ಶನವಿತ್ತು. ಸರ್ ಅವರ ಮಗ, ನನ್ನ ವಾರಿಗೆಯವನೇ, ಒಂದು ರಾಶಿ ಹೆಂಚು ಒಡೆದ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಶಾಲೆಯ ಮಕ್ಕಳು ಬಂದು, ಆ ಅಣ್ಣನ ಕೈ ಕಬ್ಬಿಣದ್ದೇನು ಎಂದು ನನ್ನನ್ನು ಕೇಳಿದವು. ನನ್ನ ಬಾಯಿಗೆ ಬೀಗವಿಲ್ಲ.

“ಅದರಾಗೇನೈತಿ, ನಡುವ ಚಕ್ಕಿ ಇಟ್ರ ನಮ್ಮವ್ವನೂ ಒಡೀತಾಳ” ಎಂದೆ.

ಹಿಂದೆ ಸರ್ ನಿಂತಿದ್ದರು. ಬೈಯಲಿಲ್ಲ. ನಕ್ಕು ನನ್ನ ಹೆಗಲು ತಟ್ಟಿ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ನಾನು ಆಡಿದ್ದು ಖರೆ ಮಾತು. ಇವತ್ತು ಕೇಳಿದರೂ ಅದನ್ನೇ ಆಡುತ್ತೇನೆ.

ಪರೀಕ್ಷೆ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಸಭಾಭವನದಲ್ಲಿ. ನನ್ನ ಆಟ ನೋಡಲು ಅವ್ವ ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿಯೇ ಕೂತಿದ್ದಳು. ಬೆಳಗಿನಿಂದ ಹೊಡೆದಾಟ, ವರಸೆ ಎಲ್ಲ ಮುಗಿದವು. ಪರವೂರಿನಿಂದ ಬಂದ ಪರೀಕ್ಷಕರು ನನ್ನ ಕಡೆ ನೋಡಿ ತಲೆದೂಗಿದ್ದರು. ಉಳಿದದ್ದು ಹೆಂಚು.

ಸರ್ ಮಗ ಮೊದಲು ಒಡೆದು ಕೆಳಗಿಳಿದ. ನನ್ನ ಸರದಿಗೆ ಹೆಂಚು ಜೋಡಿಸಿಟ್ಟ ಮೇಲೆ ಸರ್ ತಾವೇ ವೇದಿಕೆಗೆ ಬಂದರು. ಹೆಂಚು ಒಂದೊಂದಾಗಿ ಎತ್ತಿ, ನಡುವಿನ ಚಕ್ಕೆ ತೆಗೆದು ಕಿಸೆಗೆ ಹಾಕಿಕೊಂಡರು. ಆಮೇಲೆ ಮೈಕ್ ತೆಗೆದುಕೊಂಡರು.

“ಈ ಹುಡುಗ ಇಳಕಲ್ಲಿನ ನೇಕಾರ ಮನಿಯಂವ. ಚಕ್ಕಿ ಇಟ್ಟು ಒಡದ್ರ ಅದರಾಗೇನು ದೊಡ್ಡಸ್ತಿಕಿ ಅಂತ ತಾನ ಅಂದಾನ. ಇವತ್ತ ಚಕ್ಕಿ ಇಲ್ಲದನ ಒಡೀತಾನ. ಜೋರ್ ಚಪ್ಪಾಳಿ ಬರ್ಲಿ.”

ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ನಮ್ಮವ್ವ.

ಸರ್ ಮೈಕ್ ಪಕ್ಕಕ್ಕಿಟ್ಟು ನನ್ನ ಕಿವಿಯ ಹತ್ತಿರ ಬಾಗಿದರು. “ಆಗಂಗಿಲ್ಲ ಅಂದ್ರ ಹೇಳು. ಇಲ್ಲೇ ಎಲ್ಲಾರ ಮುಂದ ಹೇಳು, ಬಿಳಿ ಬೆಲ್ಟ್ ಕಟ್ಟಿ ಮನಿಗೆ ಕಳಸ್ತೇನಿ.”

ಹೇಳಬೇಕಿತ್ತು ಎಂದು ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಬುದ್ಧಿ ಹೇಳುವವರು ಯಾರೂ ಆ ವೇದಿಕೆಯ ಮೇಲೆ ನಿಂತಿರಲಿಲ್ಲ. ಅವ್ವ ಪಕ್ಕದ ಹೆಂಗಸಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದಳು, ಮುಖವೆಲ್ಲ ನಗೆ. ಆ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಉಸಿರು ಕಟ್ಟಿ ಹೊಡೆದೆ.

ಮೇಲಿನ ಎರಡೇ ಹೆಂಚು ಬಿರುಕು ಬಿಟ್ಟವು. ಸಪ್ಪಳ ಬಂದದ್ದು ಹೆಂಚಿನಿಂದಲ್ಲ. ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬೆಂಕಿ ಹರಿದಂತಾಯಿತು. ನಾನು ಬಲಗೈ ಎತ್ತಿ ಸರ್ ಅವರಿಗೆ ತೋರಿಸಿದೆ. ಆಗಲೇ ಬಾತು ಓರೆಯಾಗಿತ್ತು. ಇಪ್ಪತ್ತು ವರ್ಷ ಹುಡುಗರ ಕೈ ನೋಡಿದ ಮನುಷ್ಯನಿಗೆ ಅದೇನೆಂದು ತಿಳಿಯದಿರಲು ಸಾಧ್ಯವೇ ಇಲ್ಲ.

“ಇನ್ನೊಮ್ಮೆ” ಎಂದರು. “ಹೊಡದ ಕೈಲೇ ಮುಗಸು.”

ಎರಡನೆಯ ಸಲ ಹೆಂಚು ಒಡೆದವು. ನಾನು ಕೂಗಿದ್ದನ್ನು ಜನ ಕರಾಟೆಯ ಕೂಗು ಎಂದುಕೊಂಡರು. ಸರ್ ತಾವೇ ಬಂದು ನನ್ನ ಸೊಂಟಕ್ಕೆ ಕಪ್ಪು ಬೆಲ್ಟ್ ಬಿಗಿದು ಶಾಭಾಸ್ ಎಂದರು. ಆ ವಿಡಿಯೊ ಈಗಲೂ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ತಿರುಗುತ್ತದೆ. ಹೊಸದಾಗಿ ಮಕ್ಕಳನ್ನು ಸೇರಿಸಲು ಬಂದವರಿಗೆ ಅದನ್ನು ತೋರಿಸುತ್ತಾರೆ.

ದವಾಖಾನೆಯಲ್ಲಿ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, ಅಂಗೈಯ ಎರಡು ಎಲುಬು ಹೋಗಿವೆ, ಒಮ್ಮೆ ಹೊಡೆದು ನಿಲ್ಲಿಸಿದ್ದರೆ ನೆಟ್ಟಗೆ ಕೂಡುತ್ತಿದ್ದವು ಎಂದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕಿರುಬೆರಳು, ಉಂಗುರದ ಬೆರಳು ಅರ್ಧಕ್ಕೇ ನಿಂತವು. ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ಬಿಚ್ಚುವುದೂ ಇಲ್ಲ. ಮಗ್ಗಕ್ಕಿಳಿದು ಹಗ್ಗ ಹಿಡಿದರೆ ನಾಲ್ಕು ಎಳೆತಕ್ಕೆ ಕೈ ಜಾರುತ್ತಿತ್ತು, ಲಾಳಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಒಂದು ದಿನ ಅವ್ವ ನನ್ನನ್ನು ಮೇಲಕ್ಕೆ ಕರೆದು, ಗೋಡೆ ಹಿಡಿದುಕೊಂಡು, ಅಯ್ಯೋ ಶಿವನೇ ಎನ್ನುತ್ತ ತಾನೇ ಕುಣಿಗೆ ಇಳಿದಳು. ಆ ಅರ್ಧ ಸೀರೆಯನ್ನೇ ಮೊದಲು ಮುಗಿಸಲು ಕೂತಳು.

“ಅದನ್ನ ಹರದು ಒಗಿ ಅವ್ವಾ” ಎಂದೆ. “ಅಂವ ಬೇಕಂತನ ಮಾಡ್ಯಾನ.”

“ಗುರುಗೋಳಿಗೆ ಅಂವ ಇಂವ ಅನಬ್ಯಾಡ.”

“ಚಕ್ಕಿ ತಗದಿದ್ದು ನೀನೂ ನೋಡೀಯಲ್ಲ.”

“ನೋಡೇನಿ. ನಿನ್ನ ಮ್ಯಾಲೆ ಭರೋಸಾ ಇತ್ತು, ಅದಕ್ಕ ತಗದ್ರು. ಹರ ಮುನಿದ್ರ ಗುರು ಕಾಯ್ತಾನ, ಗುರು ಮುನಿದ್ರ ಯಾರು ಕಾಯ್ತಾರಪಾ?”

ನನಗೆ ಸರ್ ಮೇಲಿದ್ದುದಕ್ಕಿಂತ ಹೆಚ್ಚು ಸಿಟ್ಟು ಅವಳ ಮೇಲೆ ಬಂತು. ಅವಳಿಗೆ ಬೇರೆ ದಾರಿಯಿರಲಿಲ್ಲ ಎಂದೂ ಗೊತ್ತಿತ್ತು. ಸರ್ ಬೇಕೆಂದೇ ಮಾಡಿದ್ದು ಎಂದು ಒಪ್ಪಿದರೆ, ತಾನು ಚಪ್ಪಾಳೆ ಹೊಡೆದದ್ದು ಯಾವುದಕ್ಕೆ ಎಂಬುದನ್ನೂ ಒಪ್ಪಬೇಕಾಗುತ್ತಿತ್ತು. ಅದಕ್ಕಿಂತ ಮೊಣಕಾಲು ನೋವು ಅವಳಿಗೆ ಹಗುರ. ನಾನು ಮೇಲೆ ಕೂತು ಕಂಡಿಕೆ ಸುತ್ತಿದೆ.

ಸೀರೆ ಮುಗಿದ ಮೇಲೆ ಇಬ್ಬರೂ ಹುನಗುಂದಕ್ಕೆ ಹೋದೆವು. ನಾನು ಬರುವುದಿಲ್ಲ ಎಂದಿದ್ದೆ. ಅವ್ವ ಉಣ್ಣದೆ ಕೂತಳು. ಸರ್ ಅವರ ಹೆಂಡತಿ ಸೀರೆಯ ಮಡಿಕೆ ಬಿಚ್ಚಿ ಸೆರಗಿನ ಮೇಲೆ ಕೈಯಾಡಿಸಿ, “ಭಾಳ ಚಂದ ಬಂದೈತಿ. ಇವನ ಕೈಯಾಗ ಜಾದೂ ಐತಿ ನೋಡ್ರಿ” ಎಂದರು.

“ಅರ್ಧ ಅವ್ವನ ಕೈರಿ” ಎಂದೆ. “ನನಗ ಈಗ ಹಗ್ಗ ಹಿಡಿಯಾಕ ಬರಂಗಿಲ್ಲ.”

ಸರ್ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ತಲೆ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಚಕ್ಕಿ ಯಾಕ ತಗದ್ರಿ ಸರ್?”

ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡರು. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

“ನೀನ ಅಂದಿದ್ದಿಯಲ್ಲ ತಮ್ಮಾ, ಬಾದಾಮಿಯೊಳಗ. ನನ್ನ ಮಗ ಒಡದಂಗ ನಿಮ್ಮವ್ವನೂ ಒಡೀತಾಳ ಅಂತ. ಅದಕ್ಕ ನಿಮ್ಮವ್ವನ ಮುಂದನ ಒಂದು ಪಾಠ ಕಲಿಸಬೇಕಾಗಿತ್ತು. ಕಲಿಸಿದ್ನಿ.”

ಅವ್ವ ಕೇಳಿಸಿಕೊಂಡಳು. ಅವಳು ಕೇಳಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು. ಇನ್ನು ಸೀರೆ ಎತ್ತಿಕೊಂಡು ಎದ್ದು ಹೊರಡುತ್ತಾಳೆ ಎಂದುಕೊಂಡೆ.

“ಕಾಲಿಗೆ ಬೀಳು” ಎಂದಳು ನನಗೆ.

ನಾನು ಅಲ್ಲಾಡಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಬಾಗಿದೆ. ಬಲಗೈ ಅಗಲವಾಗಿ ಬಿಚ್ಚುವುದಿಲ್ಲವಲ್ಲ, ಎಡಗೈ ಮುಂದೆ ಮಾಡಿದೆ.

ಸರ್ ಕಾಲು ಹಿಂದಕ್ಕೆಳೆದುಕೊಂಡರು. “ಎಡಗೈ ಹಚ್ಚಬ್ಯಾಡ.”

ಅವ್ವ ಆ ಮೊಣಕಾಲುಗಳನ್ನು ಊರಿ ನನ್ನ ಪಕ್ಕ ಕೂತಳು. ನನ್ನ ಬಲಗೈಯ ಮಣಿಕಟ್ಟು ಹಿಡಿದು, ಬಾಗಿಯೇ ಉಳಿದ ಆ ಬೆರಳುಗಳನ್ನು ಸರ್ ಅವರ ಪಾದದ ಮೇಲೆ ತಾನೇ ಇಟ್ಟಳು. ನಾನು ಎಳೆದುಕೊಳ್ಳಲು ನೋಡಿದೆ. ಸರ್ ನನ್ನ ತಲೆಯ ಮೇಲೆ ಕೈಯಿಟ್ಟು ಚೊಲೊ ಆಗ್ಲಿ ಎನ್ನುವ ತನಕ ಅವಳು ಅದನ್ನು ಒತ್ತಿ ಹಿಡಿದಿದ್ದಳು.