ಕಿಟಕಿಯಲ್ಲಿ ಒಣಗುತ್ತಿದ್ದ ಕೂದಲು

ನಮ್ಮ ಬೀದಿಯಲ್ಲಿ ವಿಗ್ ಮಾಡುವ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ಜಡೆಯಕ್ಕ. ನಾನು ಅವಳ ಅಂಗಡಿಯಲ್ಲಿ ಕೂದಲಿನ ಸಿಕ್ಕು ಬಿಡಿಸುವ ಕೆಲಸಕ್ಕಿದ್ದೆ. ಈಗ ಜನ ಅವಳನ್ನು ರಾಕ್ಷಸಿ ಅನ್ನುತ್ತಾರೆ. ಅನ್ನಲಿ, ನಾನು ತಡೆಯಲು ಹೋಗುವುದಿಲ್ಲ. ಆದರೆ ನನಗೆ ಜ್ವರ ಬಂದು ಮಲಗಿದಾಗ ಮನೆಗೆ ಬಂದು ಗಂಜಿ ಕುಡಿಸಿದವಳೂ ಅವಳೇ. ಎರಡನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ತುಂಬ ಮರದ ತಲೆಗಳು. ಕಣ್ಣಿಲ್ಲ, ಬಾಯಿಲ್ಲ, ಬೋಳು ಬೋಳು. ತೊಳೆದ ಕೂದಲಿನ ವಾಸನೆ ಉಟ್ಟ ಬಟ್ಟೆಗೂ ಹತ್ತಿಕೊಳ್ಳುತ್ತಿತ್ತು. ಕೆಲಸದಲ್ಲಿ ಅವಳದು ಒಂದೇ ಹಟ: ಪ್ರತಿ ಎಳೆಯ ಬುಡ ಒಂದು ಕಡೆ, ತುದಿ ಒಂದು ಕಡೆ. ಒಂದು ಹಿಡಿ ತಿರುಗುಮುರುಗಾದರೆ ಪಕ್ಕದ ಕೂದಲನ್ನೂ ಸೇರಿಸಿಕೊಂಡು ಗಂಟಾಗಿಬಿಡುತ್ತದೆ. ಹಾಗೇನಾದರೂ ಮಾಡಿದೆನೋ, ಮುಗಿಯಿತು. "ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೇ?" ಎಂದು ಎಳೆದು ಬಿಸಾಡುತ್ತಿದ್ದಳು. ಅವಳ ಕೈಯಲ್ಲಿ ಮಾತ್ರ ಒಂದು ಎಳೆಯೂ ತಿರುಗಿದ್ದನ್ನು ನಾನು ಕಂಡಿರಲಿಲ್ಲ.

ಮೇಲಿನ ಮನೆಯಲ್ಲಿ ಮಗಳಿದ್ದಳು. ಹೆತ್ತ ಮಗಳಲ್ಲ, ತೀರಿಕೊಂಡ ತಂಗಿಯ ಮಗಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಸಾಕಿದ್ದಳು, ಬಂಗಾರಿ ಎಂದು ಕರೆಯುತ್ತಿದ್ದಳು. ಆ ಹುಡುಗಿಯ ಕೂದಲನ್ನು ಏನೆಂದು ಹೇಳಲಿ! ಎದ್ದು ನಿಂತರೆ ಹಿಂದೆ ನೆಲ ಗುಡಿಸುತ್ತಿತ್ತು. ದಿನಾ ಬೆಳಿಗ್ಗೆ ಜಡೆಯಕ್ಕ ಅದನ್ನು ತೊಳೆದು, ಹುಡುಗಿಯನ್ನು ಬೀದಿಗೆ ಬೆನ್ನು ಮಾಡಿ ಕಿಟಕಿಗೆ ಕೂರಿಸಿ, ಒಣಗಲು ಹೊರಗೆ ಇಳಿಬಿಡುತ್ತಿದ್ದಳು. ಅಂಗಡಿಗೆ ಬೋರ್ಡೇ ಬೇಕಿರಲಿಲ್ಲ. ಗಿರಾಕಿಗಳು ತಲೆ ಎತ್ತಿ ನೋಡಿಕೊಂಡೇ ಒಳಗೆ ಬರುತ್ತಿದ್ದರು.

ಬಂಗಾರಿಗೆ ಮಾತ್ರ ಹೊಸ್ತಿಲು ದಾಟುವ ಹಾಗಿರಲಿಲ್ಲ. ಧೂಳು ಬೀಳುತ್ತೆ, ಬಿಸಿಲು ಬಡಿಯುತ್ತೆ, ಯಾರೋ ಕತ್ತರಿಸಿಕೊಂಡು ಹೋಗ್ತಾರೆ. ನೆಪಕ್ಕೇನು ಬರವೇ?

"ಅವಳನ್ನ ಹೀಗೆ ಕೂಡಿ ಹಾಕ್ಬೇಡಕ್ಕ," ಎಂದು ಬಾಯಿಬಿಟ್ಟು ಹೇಳಿದೆ.

"ನಿಂಗೇನು ಗೊತ್ತು? ತಂಗಿ ಹೋದ್ಮೇಲೆ ನಂಗೆ ಉಳಿದಿರೋದು ಇದೊಂದೇ." ತಲೆ ಎತ್ತದೆ ಸೂಜಿ ಪೋಣಿಸಿದಳು.

ಕಿಟಕಿಯ ಎದುರಿಗೇ ಬೀದಿದೀಪದ ಕಂಬ. ಆ ಕಂಬ ಹತ್ತುತ್ತಿದ್ದವನು ಹೊಸ ಲೈನ್‌ಮನ್. ಆ ದೀಪಕ್ಕೆ ಅಷ್ಟೊಂದು ರಿಪೇರಿ ಅದರ ಜನ್ಮದಲ್ಲೇ ಆಗಿರಲಿಲ್ಲ! ಕೆಟ್ಟಿರಲಿ ಬಿಡಲಿ, ಆಸಾಮಿ ಮೇಲೆಯೇ. ಇಬ್ಬರೂ ಪಿಸುಪಿಸು ಮಾತಾಡುವುದು ಕೆಳಗೆ ಕೂತ ನನಗೆ ಕೇಳುತ್ತಿತ್ತು. ನಾನೇಕೆ ಅಡ್ಡ ಬರಲಿ?

ಒಂದು ದಿನ ಊಟ ಕೊಡಲು ಮೇಲೆ ಹೋದಾಗ ಬಂಗಾರಿ ನನ್ನ ಕೈ ಹಿಡಿದುಕೊಂಡಳು.

"ಅತ್ತೆ, ಈ ಕೂದಲೇ ಇಲ್ದಿದ್ರೆ ಅಮ್ಮ ನನ್ನ ಬಿಡ್ತಾಳೆ ಅಲ್ವಾ?"

"ಹುಚ್ಚಿ, ನಿಮ್ಮಮ್ಮ ಪ್ರಾಣ ಬಿಟ್ಟಾಳು, ಇದನ್ನ ಬಿಡಲ್ಲ."

"ನಾನೇ ಕತ್ತರಿಸಿ ಅವಳ ಕೈಗೆ ಕೊಡ್ತೀನಿ. ಕೂದಲು ಅವಳಿಗಿರಲಿ, ನಾನು ಹೋಗ್ತೀನಿ. ಅವರಿಗೂ ಹೇಳಿದೀನಿ, ಕಿಟಕಿ ಖಾಲಿ ಕಂಡ ದಿನ ಬಾಗಿಲ ಹತ್ರ ನಿಂತಿರಿ, ಇಳಿದು ಬರ್ತೀನಿ ಅಂತ."

ಅವಳು ನಗುತ್ತಿದ್ದಳು. ಆ ನಗು ನೋಡಿ ನಾನೂ ನಕ್ಕು, ಒಳ್ಳೇದಾಗಲಿ ಎಂದು ಗಲ್ಲ ಸವರಿ ಬಂದೆ.

ಕೆಲವು ದಿನಗಳ ಮೇಲೆ, ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಲೈನ್‌ಮನ್ ಕಂಬದ ಕೆಳಗೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಚೀಲ. ಮುಖ ಬಾಡಿಹೋಗಿತ್ತು.

"ಬರಲ್ಲ ಅಂತ ಕಾಣುತ್ತಕ್ಕ. ಇವತ್ತೇ ಅಂದಿದ್ಲು. ನೋಡಿ, ಕೂದಲು ಹಾಗೇ ಇದೆ. ಮನಸ್ಸು ಬದಲಾಯ್ತೇನೋ."

ನಾನು ತಲೆ ಎತ್ತಿದೆ. ಕಿಟಕಿಯಿಂದ ಕೂದಲು ಎಂದಿನಂತೆ ಇಳಿಬಿದ್ದಿತ್ತು. ಆದರೆ ಬಲಗಡೆ, ಮೊಳದುದ್ದ, ಹಕ್ಕಿಗೂಡಿನ ಹಾಗೆ ಗಂಟು. ಬಂಗಾರಿಯ ಕೂದಲು ಸಿಕ್ಕಾಗಿದ್ದನ್ನು ನಾನು ಕಂಡವಳೇ ಅಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಆ ಹಿಡಿಯ ಕೆಳತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ಮೊಂಡಾಗಿ, ದಪ್ಪವಾಗಿತ್ತು. ಅದು ತುದಿಯಲ್ಲ, ಬುಡ. ತಲೆಯಿಂದ ಬೆಳೆದ ಕೂದಲಿನ ಬುಡ ಎಲ್ಲಾದರೂ ಕೆಳಗೆ ನೇತಾಡುತ್ತದೆಯೇ? "ಅಯ್ಯೋ, ಬಾರಪ್ಪಾ!" ಎಂದು ಕೂಗಿ ಮೆಟ್ಟಿಲು ಹತ್ತಿದೆ.

ಬಂಗಾರಿ ಕುರ್ಚಿಯಲ್ಲಿ ಕೂತಿದ್ದಳು. ಕತ್ತು ಹಿಂದಕ್ಕೆ ಕಿಟಕಿಯ ಅಂಚಿಗೆ ಒರಗಿತ್ತು. ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಸಣ್ಣ ಸಣ್ಣ ಹೊಲಿಗೆ. ವಿಗ್ಗಿಗೆ ಹಾಕುವ ಹೊಲಿಗೆಯೇ, ಅಷ್ಟೇ ಅಚ್ಚುಕಟ್ಟು. ಒಂದೊಂದು ಹೊಲಿಗೆಯ ಸುತ್ತಲೂ ರಕ್ತ ಒಣಗಿತ್ತು. ಪಕ್ಕದಲ್ಲಿ ಜಡೆಯಕ್ಕ ಬಾಗಿದ ಸೂಜಿ ಹಿಡಿದು ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

"ಶ್! ಎಬ್ಬಿಸ್ಬೇಡ. ನೋವಾಗ್ಬಾರ್ದು ಅಂತ ನಿದ್ದೆ ಮಾತ್ರೆ ಕೊಟ್ಟಿದೀನಿ. ಎಳೇ ಬುದ್ಧಿ, ಕತ್ತರಿಸಿಕೊಂಡುಬಿಟ್ಟಿದ್ಲು. ಎಲ್ಲಾ ಸರಿ ಮಾಡಿದೀನಿ."

ನಾನು ಹುಡುಗಿಯ ಕೈ ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು. ನನ್ನ ಹಿಂದೆ ಲೈನ್‌ಮನ್ ಬಾಗಿಲಲ್ಲೇ ಕುಸಿದ.

"ಅಕ್ಕಾ, ಏನು ಮಾಡಿಬಿಟ್ಟೆ! ಮಗು ಹೋಗಿಬಿಟ್ಟಿದೆಯಲ್ಲೇ!"

ಅವಳಿಗೆ ಕೇಳಿಸಲೇ ಇಲ್ಲ. ಆ ಗಂಟನ್ನು ಎತ್ತಿ ನನಗೆ ತೋರಿಸಿದಳು.

"ಕಣ್ಣೀರಲ್ಲಿ ಕಾಣಿಸ್ಲಿಲ್ಲ ಕಣೇ, ಒಂದು ಹಿಡಿ ತಿರುಗಿಬಿಡ್ತು. ಬಿಚ್ಚಿ ಮತ್ತೆ ಹಾಕ್ತೀನಿ. ಏಳೋದ್ರೊಳಗೆ ಹಾಕ್ಬೇಕು."

ಪೊಲೀಸರು ಕರೆದೊಯ್ಯುವಾಗಲೂ ಅವಳು ಸೂಜಿ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಆಸ್ಪತ್ರೆಯವರು ಪರೀಕ್ಷೆ ಮುಗಿಸಿ ದೇಹವನ್ನು ಮನೆಗೆ ಕೊಟ್ಟ ಮೇಲೆ ನಾನು ಕತ್ತರಿ ತೆಗೆದುಕೊಂಡು ಕೂತೆ. ಕೂದಲಿದ್ದರೆ ಲಕ್ಷಣ, ಹಾಗೇ ಕಳಿಸೋಣ ಎಂದರು ಅಕ್ಕಪಕ್ಕದವರು. ನನಗೆ ಮೈಯೆಲ್ಲಾ ಉರಿದುಹೋಯಿತು. "ಬಾಯಿ ಮುಚ್ಚಿ, ಅವಳಿಗೆ ಬೇಡವಾಗಿತ್ತು!" ಎಂದು ಕಿರುಚಿದೆ. ಒಂದೊಂದೇ ಹೊಲಿಗೆ ಬಿಚ್ಚಿದೆ, ಅಳುತ್ತಲೇ. ಅಷ್ಟನ್ನೂ ತೆಗೆದಾಗ ಪುಟ್ಟ ತಲೆ, ಶಾಲೆಗೆ ಹೊರಟ ಹುಡುಗನ ತಲೆಯಂತೆ ಕಂಡಿತು.

ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಮುಂಬಾಗಿಲಿನಿಂದಲೇ ಬೀದಿಗೆ ತಂದರು. ಚಟ್ಟದ ಮುಂದಿನ ತುದಿಗೆ ಲೈನ್‌ಮನ್ ಹೆಗಲು ಕೊಟ್ಟಿದ್ದ. ಹೊಸ್ತಿಲು ದಾಟಿದವನು ನಿಂತು ತಲೆ ಎತ್ತಿದ. ಕಿಟಕಿ ಖಾಲಿಯಾಗಿತ್ತು.